ತಲೆ ಬಗ್ಗಿಸಿ ಓದಿದ ಬೀದಿ

2024ರ ಜುಲೈ 14. ಬರ್ಲಿನ್ನಿನಲ್ಲಿ ಯುರೋ ಕಪ್ ಫೈನಲ್. ಟಿಕೆಟ್ಟಿಗೆ ದುಡ್ಡಿರಲಿಲ್ಲ, ಕಾಲಿದ್ದವು. ಊರು ನೋಡ್ತಾ ನಡೆದೆವು. ಬ್ರಾಂಡೆನ್‌ಬರ್ಗ್ ದ್ವಾರದ ಬಳಿ ಕೇಕೆ, ಬಾವುಟ, ಬಿಯರು. ಪಂದ್ಯದ ಕ್ರೀಡಾಂಗಣವೋ, ಹಿಟ್ಲರನ 1936ರ ಒಲಿಂಪಿಕ್ಸಿಗೆ ಕಟ್ಟಿದ್ದು.

ಒಳಬೀದಿಗೆ ತಿರುಗಿದಾಗ ಕಾಲಡಿ ಹಿತ್ತಾಳೆ ಮಿರುಗಿತು. ಮನೆಬಾಗಿಲ ಮುಂದೆ ನೆಲದಲ್ಲೇ ಹೂತ, ಅಂಗೈಯಗಲದ ಕಲ್ಲು. ಎಡವುಗಲ್ಲು ಅಂತಾರೆ. ಆ ಮನೇಲಿದ್ದ ಯಹೂದಿಯ ಹೆಸರು, ಹುಟ್ಟಿದ ವರ್ಷ, ನಾಜಿಗಳು ಎಳೆದೊಯ್ದ ದಿನ, ಕೊಂದ ಜಾಗ: ಔಶ್‌ವಿಟ್ಸ್. ಓದಬೇಕಾದರೆ ಬಗ್ಗಲೇಬೇಕು.

ನಮ್ಮಪ್ಪ ಊರೊಳಗೆ ಚಪ್ಪಲಿ ಕೈಲಿ ಹಿಡಿದು ತಲೆ ಬಗ್ಗಿಸಿ ನಡೆದೋನು. ನೀವಾದ್ರೂ ತಲೆ ಎತ್ತಿ ನಡೀರಿ ಅಂತ ಓದಿಸಿದ. ಇಲ್ಲಿ ನಾವಾಗೇ ಬಗ್ಗಿದೆವು.

ರಾತ್ರಿ ಸ್ಪೇನ್ 2-1ರಲ್ಲಿ ಇಂಗ್ಲೆಂಡನ್ನು ಸೋಲಿಸಿತು. ನಮಗೆ ನಿದ್ದೆ ಬರಲಿಲ್ಲ. 2000ದಲ್ಲಿ ಕಂಬಾಲಪಲ್ಲಿಯಲ್ಲಿ ಜೀವಂತ ಸುಟ್ಟ ಏಳು ದಲಿತರ ಹೆಸರನ್ನು ನಮ್ಮ ಪೇಟೆಬೀದೀಲಿ ಹೀಗೆ ನೆಟ್ಟರೆ, ಯಾರು ಬಗ್ಗಿಯಾರು ಗೆಳೆಯರೇ?