ಹೈಸ್ಕೂಲಿನ ದಾರಿ

ಸರ್ಕಾರಿ ಹೈಸ್ಕೂಲುಗಳ ವಿಚಾರ ಬಂದಾಗ ದೊಡ್ಡವರು ಸಾಮಾನ್ಯವಾಗಿ ಫಲಿತಾಂಶದ ಮಾತನ್ನೇ ಆಡುತ್ತಾರೆ. ಯಾವ ಜಿಲ್ಲೆ ಮೊದಲನೆಯದಾಯಿತು, ಯಾವುದು ಕಡೆಯದಾಯಿತು, 625ಕ್ಕೆ 625 ಅಂಕ ತೆಗೆದ ಮಹಾಶಯರು ಯಾರು ಎಂಬ ಚರ್ಚೆ ಪ್ರತಿ ವರ್ಷವೂ ನಡೆದು, ಎರಡು ವಾರಗಳ ನಂತರ ತಣ್ಣಗಾಗುತ್ತದೆ. ಈ ಚರ್ಚೆ ಬೇಡವೆಂದು ನಾನು ಹೇಳಲಾರೆ. ಆದರೆ ಅಂತಹ ಶಾಲೆಯೊಂದರಲ್ಲಿ ಮೂರು ವರ್ಷ ಓದಿ ಬಂದವಳಾಗಿ ನನಗೆ ತೋರುವುದೇ ಬೇರೆ. ನಮ್ಮಂತಹ ಹಳ್ಳಿಯ ಮಕ್ಕಳ, ಅದರಲ್ಲಿಯೂ ಹೆಣ್ಣುಮಕ್ಕಳ, ಓದಿನ ಭವಿಷ್ಯ ಪರೀಕ್ಷೆಯ ಕೊಠಡಿಯನ್ನು ಮುಟ್ಟುವುದಕ್ಕೆ ಮೊದಲೇ ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ. ಅದು ತೀರ್ಮಾನವಾಗುವುದು ಮನೆಗೂ ಶಾಲೆಗೂ ನಡುವೆ ಇರುವ ದಾರಿಯಲ್ಲಿ.

ದಾರಿಯ ಮಾತು ಹೊಸದೇನೂ ಅಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು 1935ರಲ್ಲಿ ಹೈಸ್ಕೂಲಿಗೆ ಸೇರಲೆಂದು ಬೆಂಗಳೂರಿಗೆ ಎರಡು ದಿನ ನಡೆದೇ ಬಂದರು. ಮುಂದೆ ಅವರು ಭೌತಶಾಸ್ತ್ರದ ಅಧ್ಯಾಪಕರಾಗಿ, ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾಗಿ, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದದ್ದು ಎಲ್ಲರಿಗೂ ತಿಳಿದ ವಿಷಯ. ತಮ್ಮ ಆತ್ಮಕಥೆಗೆ ಅವರು ಇಟ್ಟ ಹೆಸರೂ 'ಹೋರಾಟದ ಹಾದಿ' ಎಂದೇ. ಈ ಪ್ರಸಂಗವನ್ನು ನಮ್ಮ ಹೈಸ್ಕೂಲಿನ ಮೇಷ್ಟ್ರುಗಳು ವರ್ಷಕ್ಕೆ ಎರಡು ಸಲವಾದರೂ ಹೇಳುತ್ತಿದ್ದರು. ಕೇಳಿದಾಗಲೆಲ್ಲ ಮೈ ನವಿರೇಳುತ್ತಿತ್ತು. ಆದರೂ ನನ್ನ ತಲೆಯೊಳಗೆ ಒಂದು ಅಧಿಕಪ್ರಸಂಗದ ಪ್ರಶ್ನೆ ಸುಳಿಯದೆ ಇರುತ್ತಿರಲಿಲ್ಲ. ಅದೇ ಊರಿನ ಹುಡುಗಿಯೊಬ್ಬಳು ಅದೇ ದಿನ ಗಂಟು ಕಟ್ಟಿಕೊಂಡು ಹಾಗೆ ಹೊರಟಿದ್ದರೆ ಅವಳನ್ನು ಊರ ಗಡಿಯವರೆಗಾದರೂ ಬಿಡುತ್ತಿದ್ದರೇ? ವಾರಾನ್ನ ಉಂಡು ಓದಿ ದೊಡ್ಡವರಾದವರ ಕಥೆಗಳನ್ನು ಕೇಳುವಾಗಲೂ ನನಗೆ ಹೀಗೆಯೇ ಅನ್ನಿಸುತ್ತದೆ. ಆ ಕಥೆಗಳಲ್ಲಿ ನನಗೆ ಸಿಕ್ಕವರೆಲ್ಲ ಹುಡುಗರೇ.

ನಮ್ಮೂರಿನಲ್ಲಿ ಏಳನೆಯ ತರಗತಿಯವರೆಗೆ ಮಾತ್ರ ಶಾಲೆ. ಹೈಸ್ಕೂಲು ಇರುವುದು ನಾಲ್ಕು ಕಿಲೋಮೀಟರು ದೂರದ ಊರಿನಲ್ಲಿ. 2009ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನದ ಗುರಿಯ ಪ್ರಕಾರ ಯಾವ ಜನವಸತಿಯಿಂದಲೂ ಐದು ಕಿಲೋಮೀಟರಿನೊಳಗೆ ಪ್ರೌಢಶಾಲೆ ಇರಬೇಕು. ಆ ಲೆಕ್ಕದಲ್ಲಿ ನಾವು ಸುಖಿಗಳು, ಒಂದು ಕಿಲೋಮೀಟರು ಉಳಿತಾಯವೇ ಆಗಿತ್ತು! ಆದರೆ ಲೆಕ್ಕಕ್ಕೆ ಹಳ್ಳ ಗೊತ್ತಿಲ್ಲ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ತೋಟಗಳ ಬದುವಿನ ಮೇಲೆ ಸುತ್ತಿಕೊಂಡು ಹೋಗಬೇಕು. ಆಗ ನಾಲ್ಕು ಇದ್ದದ್ದು ಆರು ಆಗುತ್ತದೆ. ಕಾನೂನಿನ ವಿಚಾರವೂ ಹಾಗೆಯೇ. ಕಡ್ಡಾಯ ಶಿಕ್ಷಣದ ಹಕ್ಕಿನ ಕಾಯಿದೆ 2010ರ ಏಪ್ರಿಲ್ ಒಂದರಿಂದ ಜಾರಿಗೆ ಬಂದಿತಷ್ಟೆ. ಅದು ಆರರಿಂದ ಹದಿನಾಲ್ಕು ವರ್ಷದವರೆಗಿನ ಮಕ್ಕಳಿಗೆ. ಎಂಟನೆಯ ತರಗತಿಯವರೆಗೆ ಕೈಹಿಡಿದು ನಡೆಸಿಕೊಂಡು ಬರುವ ಕಾನೂನು, ಒಂಬತ್ತನೆಯದರ ಹೊಸ್ತಿಲಲ್ಲಿ ಕೈ ಬಿಡುತ್ತದೆ. ಹೆಣ್ಣು ಹುಡುಗಿಯನ್ನು ಮನೆಯವರು ನೋಡುವ ನೋಟ ಬದಲಾಗುವುದೂ ಸರಿಯಾಗಿ ಅದೇ ಹೊತ್ತಿನಲ್ಲಿ.

ನಾನು ಎಂಟನೆಯ ತರಗತಿ ಸೇರಿದ್ದು 2017ರಲ್ಲಿ. ಆ ವರ್ಷ ನಮಗೆಲ್ಲ ಸೈಕಲ್ಲು ಬಂದವು. ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವ ಈ ಯೋಜನೆ ರಾಜ್ಯದಲ್ಲಿ 2006-07ರಿಂದ ಇತ್ತು. ಸರ್ಕಾರಿ ಸೈಕಲ್ಲಿನ ಬಗ್ಗೆ ಹಾಸ್ಯ ಮಾಡುವವರು ಬಹಳ. ಬೆಲ್ಲೊಂದನ್ನು ಬಿಟ್ಟು ಮಿಕ್ಕೆಲ್ಲ ಭಾಗಗಳೂ ಸದ್ದು ಮಾಡುತ್ತವೆ ಎಂಬ ಹಳೆಯ ನಗೆಮಾತು ನಮ್ಮ ಸೈಕಲ್ಲುಗಳಿಗಾಗಿಯೇ ಹುಟ್ಟಿದಂತಿತ್ತು. ತಿಂಗಳೊಪ್ಪತ್ತಿನಲ್ಲಿ ಚೈನು ಕಳಚತೊಡಗಿತು, ಪೆಡಲು ಓರೆಯಾಯಿತು. ನನ್ನ ಸೈಕಲ್ಲಿನ ಕ್ಯಾರಿಯರು ಯಾವ ಗುಂಡಿಯಲ್ಲಿ ಬಿದ್ದುಹೋಯಿತೋ ಇಂದಿಗೂ ಪತ್ತೆಯಿಲ್ಲ. ಆದರೂ ಆ ಸೈಕಲ್ಲಿಗೆ ನಾನು ಮನಸ್ಸಿನಲ್ಲೇ ನಮಸ್ಕರಿಸುತ್ತೇನೆ. ಅದು ಉಳಿಸಿದ್ದು ಬರಿಯ ಅರ್ಧ ಗಂಟೆಯನ್ನಲ್ಲ. ನಡೆದು ಹೋಗುವ ಹುಡುಗಿ ದಾರಿಯಲ್ಲಿ ಎಲ್ಲರ ಕಣ್ಣಿಗೂ ಬಾಯಿಗೂ ಸಿಕ್ಕುತ್ತಾಳೆ. ಐದು ಜನ ಹುಡುಗಿಯರು ಸಾಲಾಗಿ ಸೈಕಲ್ಲಿನಲ್ಲಿ ಹೊರಟರೆ ಅರಳಿಕಟ್ಟೆಯವರು ಮಾತು ಶುರುಮಾಡುವಷ್ಟರಲ್ಲಿ ಮುಂದಿನ ತಿರುವು ದಾಟಿರುತ್ತದೆ. "ಐದು ಜನಾನೂ ಒಟ್ಟಿಗೆ ಹೋಗಿ ಒಟ್ಟಿಗೆ ಬರೋದಾದ್ರೆ ಸರಿ" ಎಂದು ನಮ್ಮಮ್ಮ ಒಪ್ಪಿದ್ದು ಸೈಕಲ್ಲು ಬಂದ ಮೇಲೆ.

ಶಾಲೆ ತಲುಪಿದ ಮೇಲೆ ಊಟಕ್ಕೇನೂ ಕೊರತೆಯಿರಲಿಲ್ಲ. 2002ರಲ್ಲಿ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಆರಂಭವಾದ ಅಕ್ಷರ ದಾಸೋಹ ಆ ವೇಳೆಗೆ ಹೈಸ್ಕೂಲುಗಳಿಗೂ ಬಂದು ಹಳೆಯದಾಗಿತ್ತು. ಬೆಳಿಗ್ಗೆ ಕ್ಷೀರಭಾಗ್ಯದ ಹಾಲು ನೂರೈವತ್ತು ಮಿಲಿಲೀಟರು. 2013ರಲ್ಲಿ ವಾರಕ್ಕೆ ಮೂರು ದಿನವೆಂದು ಪ್ರಾರಂಭವಾದದ್ದು ನಾವು ಸೇರಿದ ವರ್ಷವೇ ಐದು ದಿನವಾಯಿತು. ಪುಡಿ ಹಾಲಿನ ವಾಸನೆಗೆ ಮೂಗು ಮುಚ್ಚಿಕೊಂಡು ಕುಡಿಯುತ್ತಿದ್ದವರು ನಮ್ಮಲ್ಲಿದ್ದರು. ಮನೆಯಲ್ಲಿ ಏನೂ ತಿನ್ನದೆ ಬಂದು ಎರಡನೆಯ ಲೋಟಕ್ಕೆ ಕಾದು ನಿಲ್ಲುತ್ತಿದ್ದವರೂ ಇದ್ದರು. ಬಡಿಸುವ ಅಕ್ಕನಿಗೆ ಯಾರು ಯಾರೆಂದು ಗೊತ್ತಿತ್ತು; ಆಕೆ ಒಂದು ದಿನವೂ ಅದನ್ನು ಬಾಯಿಬಿಟ್ಟು ಹೇಳಿದವಳಲ್ಲ.

ಹಾಲು ಕುಡಿಯುತ್ತಿದ್ದೆವು, ಆದರೆ ನೀರು ಕುಡಿಯುತ್ತಿರಲಿಲ್ಲ. ಇದನ್ನು ಬರೆಯಲು ಸ್ವಲ್ಪ ಸಂಕೋಚವಾಗುತ್ತದೆ. ನಮ್ಮ ಅಧ್ಯಾಪಕರೂ ಓದುವ ಸಂಚಿಕೆಯಿದು. ಆದರೂ ಬರೆಯದಿದ್ದರೆ ಶಾಲೆಯ ಕಥೆ ಅರ್ಧವಾಗುತ್ತದೆ. ಹುಡುಗಿಯರ ಶೌಚಾಲಯವೇನೋ ಇತ್ತು, ಬಣ್ಣವನ್ನೂ ಬಳಿದಿದ್ದರು. ಆದರೆ ಅದರ ತೊಟ್ಟಿಗೆ ನೀರು ಬರುತ್ತಿದ್ದುದು ಕರೆಂಟು ಇದ್ದು ಮೋಟಾರು ಕೆಡದೆ ಇದ್ದ ದಿನ ಮಾತ್ರ. ಆದ್ದರಿಂದ ನಾವು ಬೆಳಿಗ್ಗೆ ಮನೆ ಬಿಟ್ಟಂದಿನಿಂದ ಸಂಜೆ ಮನೆ ಸೇರುವವರೆಗೆ ಬಾಯಿಗೆ ಆದಷ್ಟು ಕಡಿಮೆ ನೀರು ಹಾಕುತ್ತಿದ್ದೆವು. ಮಧ್ಯಾಹ್ನದ ಮೂರನೆಯ ಪೀರಿಯಡ್ಡಿನ ಹೊತ್ತಿಗೆ ತಲೆನೋವು ಬರುತ್ತಿತ್ತು. ಹುಡುಗಿಯರಿಗೆ ಗಣಿತವೆಂದರೆ ತಲೆನೋವು ಎಂದು ನಮ್ಮ ಮೇಷ್ಟ್ರೊಬ್ಬರು ತಮಾಷೆ ಮಾಡುತ್ತಿದ್ದರು. ತಲೆನೋವಿಗೂ ಗಣಿತಕ್ಕೂ ಯಾವ ಸಂಬಂಧವೂ ಇರಲಿಲ್ಲ. 'ಶುಚಿ' ಯೋಜನೆಯ ಪೊಟ್ಟಣಗಳು ಬಂದ ತಿಂಗಳು ಹಾಜರಿ ಹೆಚ್ಚಿರುತ್ತಿತ್ತು, ಬಾರದ ತಿಂಗಳು ಕೆಲವರು ಮೂರು ನಾಲ್ಕು ದಿನ ಕಾಣುತ್ತಿರಲಿಲ್ಲ. ಹಾಜರಿ ಪುಸ್ತಕದಲ್ಲಿ 'ಗೈರು' ಎಂಬ ಒಂದೇ ಮಾತು ಇರುತ್ತದೆ, ಕಾರಣಕ್ಕೆ ಅಲ್ಲಿ ಅಂಕಣವಿಲ್ಲ.

ಹತ್ತನೆಯ ತರಗತಿಗೆ ಬಂದ ಮೇಲೆ ವಿಶೇಷ ತರಗತಿಗಳು ಶುರುವಾದವು. ಸರ್ಕಾರಿ ಹೈಸ್ಕೂಲಿನ ಉಪಾಧ್ಯಾಯರನ್ನು ಹಗುರವಾಗಿ ಮಾತನಾಡುವವರು ಜನವರಿಯಿಂದ ಮಾರ್ಚಿಯವರೆಗೆ ಒಂದು ಶಾಲೆಯ ಬಾಗಿಲಲ್ಲಿ ನಿಂತು ನೋಡಬೇಕು. ನಸುಕಿನ ಐದು ಗಂಟೆಗೆ ಮಕ್ಕಳ ಮನೆಗಳಿಗೆ ಫೋನು ಮಾಡಿ "ಎದ್ದಿದ್ದಾಳೇನಮ್ಮ? ಓದ್ತಿದ್ದಾಳಾ?" ಎಂದು ಕೇಳುವ ಮೇಷ್ಟ್ರುಗಳನ್ನು ನಾನು ಬಲ್ಲೆ. ನಮ್ಮಪ್ಪ ನಿದ್ದೆಗಣ್ಣಿನಲ್ಲಿ "ಓದ್ತಾ ಅವಳೆ ಸಾರ್" ಎಂದು ಹೇಳಿ, ಆಮೇಲೆ ನನ್ನನ್ನು ಎಬ್ಬಿಸುತ್ತಿದ್ದರು. ಆದರೆ ವಿಶೇಷ ತರಗತಿ ನಡೆಯುತ್ತಿದ್ದುದು ಸಂಜೆ ಆರರವರೆಗೆ. ಚಳಿಗಾಲದಲ್ಲಿ ಆರಕ್ಕೆ ಬಿಟ್ಟರೆ ಹಳ್ಳದ ಹತ್ತಿರ ಕತ್ತಲಾಗುತ್ತದೆ. ಎರಡು ವಾರ ಕಳೆಯುವಷ್ಟರಲ್ಲಿ ನಮ್ಮೂರಿನ ಐವರಲ್ಲಿ ಮೂವರು ಸಂಜೆಯ ತರಗತಿಗೆ ನಿಲ್ಲುವುದನ್ನು ಬಿಟ್ಟರು. ಮುಖ್ಯೋಪಾಧ್ಯಾಯರು ಗದರಿಸಿದರು, ಪ್ರಯೋಜನವಾಗಲಿಲ್ಲ. ಕೊನೆಗೆ ವಿಜ್ಞಾನದ ಮೇಷ್ಟ್ರು ಕಾರಣ ಕೇಳಿ ತಿಳಿದು, ತಮ್ಮ ತರಗತಿಯನ್ನು ಬೆಳಿಗ್ಗೆ ಎಂಟೂವರೆಗೆ ಬದಲಾಯಿಸಿದರು. ಮಾರನೆಯ ದಿನವೇ ಐವರೂ ಹಾಜರು! ಗಂಟೆಯೊಂದನ್ನು ಅತ್ತಿಂದಿತ್ತ ಸರಿಸಿದ್ದಕ್ಕೆ ಒಂದು ಪೈಸೆಯೂ ಖರ್ಚಾಗಲಿಲ್ಲ.

ಅವಕಾಶಗಳ ವಿಷಯಕ್ಕೂ ಇಷ್ಟನ್ನೇ ಹೇಳಬೇಕು. ಎಂಟನೆಯ ತರಗತಿಯಲ್ಲಿ ಪರೀಕ್ಷೆ ಬರೆದು ಆಯ್ಕೆಯಾದವರಿಗೆ ಒಂಬತ್ತರಿಂದ ಪಿ.ಯು. ಎರಡನೆಯ ವರ್ಷದವರೆಗೆ ವರ್ಷಕ್ಕೆ 12,000 ರೂಪಾಯಿ ಕೊಡುವ ಕೇಂದ್ರದ ವಿದ್ಯಾರ್ಥಿವೇತನವಿದೆ. ನಮ್ಮ ಮನೆಗಳಲ್ಲಿ ಅದು ಸಣ್ಣ ಮೊತ್ತವಲ್ಲ. ಆದರೆ ಅದಕ್ಕೆ ಆದಾಯ ಪ್ರಮಾಣಪತ್ರ ಬೇಕು. ಪ್ರಮಾಣಪತ್ರಕ್ಕೆ ಹೋಬಳಿಯ ನಾಡಕಚೇರಿಗೆ ಹೋಗಬೇಕು, ಹೋಗುವುದಕ್ಕೆ ಅಪ್ಪ ಒಂದು ದಿನದ ಕೂಲಿ ಬಿಡಬೇಕು. ನೋಟೀಸು ನಮ್ಮ ಬೋರ್ಡಿಗೆ ಬಂದಾಗ ಕೊನೆಯ ದಿನಾಂಕಕ್ಕೆ ನಾಲ್ಕೇ ದಿನ ಉಳಿದಿತ್ತು. ನಮ್ಮೂರಿನಿಂದ ಅರ್ಜಿ ಹಾಕಿದವಳು ಒಬ್ಬಳೇ. ಆಯ್ಕೆಯೂ ಆದಳು. ಈ ಲೇಖನವನ್ನು ನಾನು ಬರೆಯುತ್ತಿರುವುದು ಅವಳಿಗಾಗಿ.

ಅವಳು ನನ್ನ ಪಕ್ಕದಲ್ಲಿಯೇ ಕೂರುತ್ತಿದ್ದಳು. ಹೆಸರು ಬೇಡ. ನಮ್ಮ ಎಸ್.ಎಸ್.ಎಲ್.ಸಿ. ಪರೀಕ್ಷೆ 2020ರ ಮಾರ್ಚಿ 27ಕ್ಕೆ ಆರಂಭವಾಗಬೇಕಾಗಿದ್ದದ್ದು ಕೋವಿಡ್ಡಿನ ದೆಸೆಯಿಂದ ಮುಂದಕ್ಕೆ ಹೋಗಿ, ಜೂನ್ 25ಕ್ಕೆ ಶುರುವಾಯಿತು. ಮೂಗು ಬಾಯಿ ಮುಚ್ಚಿಕೊಂಡು, ಹಣೆಗೆ ಯಂತ್ರ ಹಿಡಿಸಿಕೊಂಡು, ದೂರದೂರ ಕುಳಿತು ಬರೆದೆವು. ಆದರೆ ಆ ಪರೀಕ್ಷೆಯಲ್ಲಿ ಒಂದು ವಿಚಿತ್ರ ನಡೆಯಿತು. ಮಕ್ಕಳನ್ನು ಪರೀಕ್ಷಾ ಕೇಂದ್ರಕ್ಕೆ ಕರೆದೊಯ್ಯಲು ಸರ್ಕಾರ ವಾಹನದ ವ್ಯವಸ್ಥೆ ಮಾಡಿತ್ತು. ಬಸ್ಸನ್ನೇ ಕಾಣದ ನಮ್ಮೂರಿಗೆ, ನಮಗಾಗಿಯೇ, ಹೊತ್ತಿಗೆ ಸರಿಯಾಗಿ ಒಂದು ಬಸ್ಸು ಬಂತು. ಸಂಜೆ ಮನೆಯ ಬಾಗಿಲಿಗೇ ಬಿಟ್ಟು ಹೋಯಿತು. ಬಸ್ಸಿನ ಮೆಟ್ಟಿಲ ಮೇಲೆ ನಿಂತು ಅವಳು, "ಪಿ.ಯು.ಗೂ ಹಿಂಗೇ ಬಂದಿದ್ರೆ ನೋಡೇ" ಎಂದಳು. ಅಂದು ನಕ್ಕೆವು. ಪರೀಕ್ಷೆ ಮುಗಿದ ಮೇಲೆ ಬಸ್ಸೂ ಮುಗಿಯಿತು.

ಆಗಸ್ಟಿನಲ್ಲಿ ಫಲಿತಾಂಶ ಬಂದಾಗ ಅವಳಿಗೆ ನನಗಿಂತ ಇಪ್ಪತ್ತೆಂಟು ಅಂಕ ಹೆಚ್ಚು. ಪಿ.ಯು. ಕಾಲೇಜು ಇದ್ದುದು ಹದಿನೇಳು ಕಿಲೋಮೀಟರು ದೂರದ ತಾಲ್ಲೂಕು ಕೇಂದ್ರದಲ್ಲಿ. ಕ್ರಾಸಿನಿಂದ ಬೆಳಿಗ್ಗೆ ಏಳೂವರೆಗೆ ಒಂದು ಬಸ್ಸು, ಸಂಜೆ ಆರೂವರೆಗೆ ಇನ್ನೊಂದು. ಕ್ರಾಸಿನಿಂದ ಊರಿಗೆ ಎರಡು ಮೈಲಿ ನಡಿಗೆ. ವಿಜ್ಞಾನದ ಮೇಷ್ಟ್ರು ಅವರ ಮನೆಗೇ ಬಂದು ಕುಳಿತು ಹೇಳಿದರು. ಅವಳ ತಂದೆ ಕೆಟ್ಟವರಲ್ಲ. ಮಗಳ ಅಂಕಪಟ್ಟಿಯನ್ನು ಪ್ಲಾಸ್ಟಿಕ್ಕು ಹಾಕಿಸಿ ದೇವರ ಗೂಡಿನಲ್ಲಿ ಇಟ್ಟಿದ್ದವರು. ಅವರು ಕೇಳಿದ್ದು ಒಂದೇ ಮಾತು: "ಕತ್ತಲಾದ ಮೇಲೆ ಕ್ರಾಸಿಗೆ ದಿನಾ ಯಾರು ಹೋಗಿ ಕರ್ಕೊಂಡು ಬರೋದು ಮೇಷ್ಟ್ರೇ? ನಾನು ಹಾಲು ಕರೆಯೋ ಹೊತ್ತು ಅದು." ಅಷ್ಟು ಪಾಠ ಹೇಳಿದ ಮೇಷ್ಟ್ರಿಗೆ ಅದಕ್ಕೆ ಉತ್ತರ ತೋಚಲಿಲ್ಲ. ಹಾಸ್ಟೆಲಿಗೆ ಹಾಕೋಣವೆಂದರೆ ಸೋಂಕಿನ ಭಯದಿಂದ ಹಾಸ್ಟೆಲು ಮುಚ್ಚಿತ್ತು. ಕಾಲೇಜುಗಳಲ್ಲಿ ಪ್ರಥಮ ಪಿ.ಯು. ತರಗತಿಗಳು ಎದುರುಬದುರಾಗಿ ನಡೆಯತೊಡಗುವ ವೇಳೆಗೆ 2021ರ ಫೆಬ್ರವರಿ. ಆ ಹೊತ್ತಿಗೆ ಅವಳು ಮನೆಯ ಎರಡು ಹಸುಗಳ ಜವಾಬ್ದಾರಿ ಹೊತ್ತಾಗಿತ್ತು. ವಿದ್ಯಾರ್ಥಿವೇತನ ನಿಂತಿತು. ಹದಿನೆಂಟು ತುಂಬಿದ ವರ್ಷವೇ ಮದುವೆಯಾಯಿತು. ಕಾನೂನಿಗೆ ವಿರುದ್ಧವಾದದ್ದು ಇದರಲ್ಲಿ ಏನೂ ನಡೆಯಲಿಲ್ಲ.

ನನಗೆ ತಾಲ್ಲೂಕು ಕೇಂದ್ರದಲ್ಲಿ ಚಿಕ್ಕಮ್ಮನ ಮನೆ ಇತ್ತು. ಅಲ್ಲಿ ಉಳಿದು ಪಿ.ಯು. ಓದಿದೆ, ಈ ಕಾಲೇಜಿಗೆ ಬಂದೆ, ಈ ಸಂಚಿಕೆಗೆ ಬರೆಯುತ್ತಿದ್ದೇನೆ. ನಮ್ಮಿಬ್ಬರ ನಡುವಣ ವ್ಯತ್ಯಾಸ ಆ ಚಿಕ್ಕಮ್ಮ. ಪ್ರತಿಭೆ, ಪರಿಶ್ರಮ ಮುಂತಾಗಿ ವಾರ್ಷಿಕೋತ್ಸವದ ಭಾಷಣಗಳಲ್ಲಿ ಕೇಳುವಾಗ ನಾನು ಇಪ್ಪತ್ತೆಂಟು ಅಂಕಗಳ ಲೆಕ್ಕ ಹಾಕುತ್ತಾ ಕೂರುತ್ತೇನೆ.

2023ರ ಜೂನ್ 11ರಿಂದ 'ಶಕ್ತಿ' ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್ಸಿನ ಪ್ರಯಾಣ ಉಚಿತವಾಯಿತು. ನಮ್ಮ ಕಾಲೇಜಿನ ಎಷ್ಟೋ ಗೆಳತಿಯರು ದಿನಾ ಊರಿನಿಂದ ಓಡಾಡಿ ಓದುತ್ತಿರುವುದು ಆ ಶೂನ್ಯ ಮೊತ್ತದ ಟಿಕೆಟ್ಟಿನಿಂದಲೇ. ಬಸ್ಸು ಬಾರದ ಊರಿಗೆ ಮಾತ್ರ ಟಿಕೆಟ್ಟಿನ ಬೆಲೆ ಎಷ್ಟಾದರೂ ಒಂದೇ. ಸೈಕಲ್ಲು ಕೊಡುವುದೂ ಕೋವಿಡ್ಡಿನ ವರ್ಷದಲ್ಲಿ ನಿಂತುಹೋಯಿತು. ನನ್ನ ಚಿಕ್ಕಪ್ಪನ ಮಗಳು ಈಗ ಒಂಬತ್ತನೆಯ ತರಗತಿ. ನನ್ನ ಹಳೆಯ ಸೈಕಲ್ಲಿಗೆ ಹೊಸ ಟೈರು ಹಾಕಿಸಿ ಅವಳಿಗೆ ಕೊಟ್ಟಿದ್ದೇವೆ. ಉಳಿದ ಮೂವರು ಹುಡುಗಿಯರಿಗೆ ಸೈಕಲ್ಲಿಲ್ಲ. ಆದ್ದರಿಂದ ಅವಳು ಅದರ ಮೇಲೆ ನಾಲ್ಕು ಜನರ ಚೀಲಗಳನ್ನು ಹೇರಿಕೊಂಡು, ಅವರ ಜೊತೆಯಲ್ಲಿ ತಳ್ಳಿಕೊಂಡು ನಡೆಯುತ್ತಾಳಂತೆ. ಸಂಜೆಯ ಬಸ್ಸನ್ನು ಐದು ಗಂಟೆಗೆ ಬಿಡಬೇಕೆಂದು ಊರವರು ಅರ್ಜಿ ಬರೆದಿದ್ದಾರೆ. ಅದರ ಕರಡು ತಿದ್ದಲು ನನ್ನ ಬಳಿಗೆ ಬಂದಿತ್ತು; ತಿದ್ದಿ, ಕೆಳಗೆ ನನ್ನ ಸಹಿಯನ್ನೂ ಹಾಕಿ ಕಳುಹಿಸಿದ್ದೇನೆ.