ಎರಡನೆಯ ಕೊಡ ನೀರು

ಅಕ್ಕ-ತಂಗಿಯರ ಕಥೆಯೆಂದರೆ ನಿಮಗೆ ಯಾವುದು ನೆನಪಾಗುತ್ತದೆಯೋ ಕಾಣೆ. ನನಗಂತೂ ಹೂವಿನ ಗಿಡವಾಗುವ ಹುಡುಗಿಯ ಕಥೆಯೇ! ನನ್ನ ತವರು ಮಲ್ಲಿಗೆಗೆ ಹೆಸರಾದ ಹೂವಿನ ಹಡಗಲಿ. ಸಂಜೆ ಕಟ್ಟೆಯ ಮೇಲೆ ಮೊಗ್ಗು ಕಟ್ಟುತ್ತಾ ಅಜ್ಜಿ ಈ ಕಥೆ ಹೇಳಿದರೆ ನಾನೂ ತಂಗಿಯೂ ಬಾಯಿ ತೆರೆದು ಕೇಳುತ್ತಿದ್ದೆವು.

ಬಡ ತಾಯಿಗೆ ಇಬ್ಬರು ಹೆಣ್ಣುಮಕ್ಕಳು. ಕಿರಿಯಳಿಗೆ ಒಂದು ಮಾಯೆ ಗೊತ್ತು. ಅಕ್ಕ ಒಂದು ಕೊಡ ನೀರು ಸುರಿದರೆ ಅವಳು ಹೂವಿನ ಗಿಡವಾಗುತ್ತಾಳೆ. ಎಲೆ, ಟೊಂಗೆಗೆ ನೋವಾಗದಂತೆ ಹೂ ಬಿಡಿಸಿಕೊಂಡು ಎರಡನೆಯ ಕೊಡ ಸುರಿದರೆ ಮತ್ತೆ ಮನುಷ್ಯಳಾಗುತ್ತಾಳೆ. ಹೂ ಮಾರಿ ಮನೆ ನಡೆಯುತ್ತದೆ. ಮುಂದೆ ರಾಜಕುಮಾರನೇ ಅವಳನ್ನು ಮದುವೆಯಾಗುತ್ತಾನೆ. ಆದರೆ ನಾದಿನಿ ಗೆಳತಿಯರ ಮುಂದೆ ಬಲವಂತವಾಗಿ ಅವಳನ್ನು ಗಿಡವಾಗಿಸುತ್ತಾಳೆ. ಹುಡುಗಿಯರು ಟೊಂಗೆ ಮುರಿದು, ಎರಡನೆಯ ಕೊಡವನ್ನು ಹೇಗೆಂದರೆ ಹಾಗೆ ಸುರಿದು ಓಡುತ್ತಾರೆ. ಪಾಪ, ಅವಳು ಅತ್ತ ಗಿಡವೂ ಅಲ್ಲ, ಇತ್ತ ಮನುಷ್ಯಳೂ ಅಲ್ಲ! ಕಡೆಗೆ ಬೇರೆ ಊರಿನಲ್ಲಿ ಗಂಡನ ಅಕ್ಕನೇ ಅವಳನ್ನು ಸಾಕುತ್ತಾಳೆ. ಹುಡುಕುತ್ತಾ ಬಂದ ಗಂಡ ಮುರಿದ ಟೊಂಗೆಗಳನ್ನು ಸರಿಮಾಡಿ ನೀರು ಸುರಿದ ಮೇಲೆ ಮೊದಲಿನಂತಾಗುತ್ತಾಳೆ.

ಎ.ಕೆ. ರಾಮಾನುಜನ್ ಅವರು ಕನ್ನಡದ ಹೆಂಗಸರ ಬಾಯಿಂದ ಸಂಗ್ರಹಿಸಿದ ಕಥೆಯಿದು. ಅವರು ತೀರಿಕೊಂಡ ಮೇಲೆ, 1997ರಲ್ಲಿ ಬಂದ ಅವರ ಜನಪದ ಕಥೆಗಳ ಇಂಗ್ಲಿಷ್ ಪುಸ್ತಕಕ್ಕೆ ಇದರದೇ ಹೆಸರು. ಗಿರೀಶ ಕಾರ್ನಾಡರು 1992ರಲ್ಲಿ ಇದನ್ನು 'ಚೆಲುವಿ' ಎಂಬ ಹಿಂದಿ ಚಿತ್ರ ಮಾಡಿದರು. 2006ರಲ್ಲಿ ದೂರದ ವಿಯೆನ್ನಾದಲ್ಲಿ ಸಂಗೀತ ನಾಟಕವೂ ಆಯಿತು. ಅಡುಗೆಮನೆಯ ಕಥೆ ಎಲ್ಲಿಗೆ ಹೋಯಿತು ನೋಡಿ!

ಬಿ.ಇಡಿ. ಓದುತ್ತಿರುವ ನನ್ನ ಮಗಳು ಆ ಪುಸ್ತಕ ತಂದು ಓದಿ, "ಅವ್ವಾ, ಗಿಡ ಆಗೋದು ಆಕಿಗೆ ಇಷ್ಟ ಇತ್ತೇನು ಅಂತ ಮದುವೆ ಆದಮ್ಯಾಲೆ ಒಬ್ಬರೂ ಕೇಳ್ಲಿಲ್ಲಲ್ಲ?" ಎಂದಳು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಈ ಮಗಳು ಹುಟ್ಟಿದ್ದು 2003ರ ಜನವರಿಯಲ್ಲಿ. ಬಾಣಂತನಕ್ಕೆ ತವರಿಗೆ ಹೋಗಿದ್ದೆ. ಅವ್ವ ಕೈ ಮುರಿದುಕೊಂಡು ಕೂತಿದ್ದಳು. ಹತ್ತನೇ ತರಗತಿಯಲ್ಲಿದ್ದ ತಂಗಿ ಶಾಲೆ ಬಿಟ್ಟು ನೀರು ಕಾಯಿಸಿದಳು, ಕೂಸಿಗೆ ಎರೆದಳು, ಬಟ್ಟೆ ಒಗೆದಳು. ಲೆಕ್ಕದಲ್ಲಿ ನನಗಿಂತ ಎಷ್ಟೋ ಜಾಣೆ. "ಮುಂದಿನ ವರ್ಷ ಪರೀಕ್ಷೆ ಬರೆದರಾಯ್ತು ಬಿಡು" ಎಂದರು ಎಲ್ಲರೂ. ನಾನೂ ಎಂದೆ! ಅಷ್ಟರಲ್ಲಿ ಹರಪನಹಳ್ಳಿಯ ಸಂಬಂಧ ಬಂತು. ನಾನು ಎಸ್ಸೆಸ್ಸೆಲ್ಸಿ ಪಾಸಾದವಳು, ಅವಳು ಆಗದವಳು, ಇಂದಿಗೂ ಹಾಗೇ. ಹೂವು ಬಿಡಿಸಿಕೊಂಡ ನಾನು ಎರಡನೆಯ ಕೊಡ ಮರೆತಿದ್ದೆ.

ಮರುದಿನವೇ ಕೊಟ್ಟೂರಿನಿಂದ ಬಸ್ಸು ಹತ್ತಿ ಹರಪನಹಳ್ಳಿಗೆ ಹೋದೆ. ತಂಗಿ ರೊಟ್ಟಿ ಬಡಿಯುತ್ತಿದ್ದಳು. "ನಿನ್ನ ಪರೀಕ್ಷೆ ನನ್ನಿಂದ ತಪ್ತು" ಎಂದೆ. ಅವಳು ತಲೆ ಎತ್ತಲಿಲ್ಲ. ಎರಡು ರೊಟ್ಟಿ ಆದ ಮೇಲೆ, "ಇಷ್ಟು ವರ್ಷಕ್ಕ ಕೇಳಿದಿ ನೋಡಕ್ಕ" ಎಂದಳು. ಸಿಟ್ಟೋ ಸಮಾಧಾನವೋ ತಿಳಿಯಲಿಲ್ಲ. ಸಮಾಧಾನವೇ ಇರಬೇಕೆಂದು ನಾನೇ ಅಂದುಕೊಳ್ಳುವುದೂ ತಪ್ಪಲ್ಲವೇ?

"ಖಾಸಗಿಯಾಗಿ ಪರೀಕ್ಷೆಗೆ ಕಟ್ಟಬಹುದಂತ. ಕಟ್ತೀಯೇನು?" ಎಂದು ಕೇಳಿದೆ. ಕಟ್ಟು ಎಂದು ಹೇಳಲಿಲ್ಲ. ಕೇಳಿದೆ.

"ಈ ವಯಸ್ಸಿನಾಗ ನನಗ ಯಾರು ಹೇಳಿಕೊಡ್ತಾರ?"

"ನೀನು ಎರೆದು ಮಲಗಿಸಿದ ಕೂಸೇ ಹೇಳಿಕೊಡ್ತಾಳ."

ಆಗ ನಕ್ಕಳು. ಈಗ ಪ್ರತಿ ಭಾನುವಾರ ಮಗಳು ಚಿಕ್ಕಮ್ಮನ ಮನೆಗೆ ಹೋಗುತ್ತಾಳೆ. ಲೆಕ್ಕ ಬೇಗ ಬರುತ್ತದಂತೆ, ಇಂಗ್ಲಿಷೇ ತೊಡಕಂತೆ.

ಸೋದರಿಯರೇ, ನಿಮ್ಮ ಮನೆಗಾಗಿ ಗಿಡವಾಗಿ ನಿಂತ ತಂಗಿಯೋ, ಅಕ್ಕನೋ, ನಾದಿನಿಯೋ ಇರಬಹುದು. ತಡವಾಯಿತೆಂದು ಸುಮ್ಮನಿರಬೇಡಿ. ಒಮ್ಮೆ ಹೋಗಿ ಕೇಳಿ.