ಊರು ಒಂದೇ, ಜಿಲ್ಲೆ ಬೇರೆ

ಕಾಸರಗೋಡಿನ ಕನ್ನಡ ಕುಟುಂಬಗಳಿಗೆ ಕೊಲ್ಲಿಯ ನಾಡುಗಳು ಅಪರಿಚಿತವಲ್ಲ. ಮಸ್ಕತ್ತಿನಲ್ಲಿ ಸಂಸಾರ ಹೂಡಿದ್ದ ನಮ್ಮ ಯಜಮಾನರಿಗೆ ಜರ್ಮನಿಯಲ್ಲಿ ಇಂಜಿನಿಯರರ ಹುದ್ದೆ ದೊರೆತಾಗ, ವೀಸಾಕ್ಕಾಗಿ ಅಲ್ಲಿನ ಜರ್ಮನ್ ರಾಯಭಾರ ಕಚೇರಿಯಲ್ಲಿಯೇ ಅರ್ಜಿ ಸಲ್ಲಿಸಿದೆವು. ಒಮಾನಿನ ವಾಸದ ಪರವಾನಗಿ ಇದ್ದುದರಿಂದ ಇದು ಸಾಧ್ಯವಾಯಿತು.

ಷೆಂಗೆನ್ ದೇಶಗಳ ಸಾಮಾನ್ಯ ವೀಸಾ 180 ದಿನಗಳ ಅವಧಿಯಲ್ಲಿ 90 ದಿನಗಳ ವಾಸಕ್ಕೆ ಮಾತ್ರ ಸಲ್ಲುತ್ತದೆ. ಹೆಚ್ಚು ಕಾಲ ನೆಲಸುವವರಿಗೆ ಆಯಾ ದೇಶದ ರಾಷ್ಟ್ರೀಯ ವೀಸಾ, ಅಂದರೆ ‘ಡಿ’ ವರ್ಗದ ವೀಸಾ, ಅಗತ್ಯ. ವಯಸ್ಕರಿಗೆ ಶುಲ್ಕ 75 ಯೂರೋ. ಬೆರಳಚ್ಚು, ಭಾವಚಿತ್ರ, ಉದ್ಯೋಗದ ಕರಾರು, ಆರೋಗ್ಯ ವಿಮೆ ಇವೆಲ್ಲ ಸುಲಭವಾಗಿಯೇ ಒದಗಿದವು. ನಾವು ಯಾರು, ಎಲ್ಲಿಯವರು ಎಂಬುದನ್ನು ಕಾಗದದ ಮೇಲೆ ತೋರಿಸುವುದೇ ಕಠಿಣವಾಯಿತು.

ನಾವಿಬ್ಬರೂ ಹುಟ್ಟಿದ್ದು ಕಾಸರಗೋಡು ತಾಲೂಕಿನಲ್ಲಿ. ಜನನಪತ್ರಗಳಲ್ಲಿ ಮಾತ್ರ ಜಿಲ್ಲೆ ‘ಕಣ್ಣಾನೂರು’ ಎಂದಿದೆ. ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದುದು 1984ರ ಮೇ 24ರಂದು; ನಾವು ಅದಕ್ಕೂ ಮೊದಲು ಹುಟ್ಟಿದವರು. 1956ರ ನವೆಂಬರ್ 1ರವರೆಗೆ ಇದೇ ತಾಲೂಕು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಮನೆಯಂಗಳದ ತುಳಸಿಕಟ್ಟೆ ಇದ್ದಲ್ಲಿಯೇ ಇದೆ. ಹಿರಿಯರ ಪತ್ರದಲ್ಲಿ ಒಂದು ವಿಳಾಸ, ನಮ್ಮದರಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಮತ್ತೊಂದು. ಇದರ ಜೊತೆಗೆ ಶಾಲೆಯ ಪತ್ರದಲ್ಲಿ ಹೆಸರಿನ ಮುಂದಿದ್ದ ಎರಡು ಅಕ್ಷರಗಳು ಪಾಸ್‌ಪೋರ್ಟಿನಲ್ಲಿ ಮನೆಹೆಸರಾಗಿ, ತಂದೆಯ ಹೆಸರಾಗಿ ಹರಡಿಕೊಂಡಿದ್ದವು.

ಅರ್ಜಿ ನೋಡಿದ ಅಧಿಕಾರಿ ವಿನಯದಿಂದಲೇ ವಿವರಣೆ ಕೇಳಿದರು. ಉದ್ಯೋಗಕ್ಕೆ ಸೇರುವ ದಿನ ಸಮೀಪಿಸುತ್ತಿತ್ತು. ವಿಳಂಬವಾದರೆ ಯಜಮಾನರು ಒಬ್ಬರೇ ಹೊರಡಬೇಕು. ಮಗಳೂ ನಾವೂ ಊರಿಗೆ ಮರಳಬೇಕು. ಮನೆಯವರನ್ನು ಬಿಟ್ಟು ದೂರದಲ್ಲಿ ದುಡಿಯುವ ಬಾಳನ್ನು ನಮ್ಮ ಸೀಮೆಯ ಎಷ್ಟೋ ಮನೆಗಳು ಕಂಡಿವೆ. ಮಗಳ ಬಾಲ್ಯವೂ ಹಾಗೆ ಕಳೆಯಬಾರದೆಂಬುದೇ ನಮ್ಮ ಹಂಬಲವಾಗಿತ್ತು.

ಊರಿನಲ್ಲಿದ್ದ ಅತ್ತೆಯವರು ಗ್ರಾಮಾಧಿಕಾರಿಗಳ ಕಚೇರಿಗೆ ಹೋಗಿ ಕನ್ನಡದಲ್ಲಿಯೇ ಅರ್ಜಿ ಬರೆದುಕೊಟ್ಟರು. ಕೇರಳದ 1969ರ ರಾಜಭಾಷಾ ಕಾಯಿದೆಯು ಕನ್ನಡ ಅಲ್ಪಸಂಖ್ಯಾತರಿಗೆ ಸರಕಾರದೊಡನೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಅವಕಾಶವನ್ನು ಇತ್ತಿದೆ. ಎರಡೂ ಹೆಸರು ಒಬ್ಬರದೇ ಎಂಬ ಪ್ರಮಾಣಪತ್ರವೂ, ಊರು ಯಾವಾಗ ಯಾವ ಜಿಲ್ಲೆಯಲ್ಲಿತ್ತೆಂಬ ಪತ್ರವೂ ಇಂಗ್ಲಿಷಿನಲ್ಲಿ ದೊರೆತವು. ಅವನ್ನು ಲಗತ್ತಿಸಿದ ಬಳಿಕ ಕೆಲವು ವಾರಗಳಲ್ಲಿ ಮೂವರಿಗೂ ವೀಸಾ ಬಂತು.

ವೀಸಾ ಪ್ರವೇಶಕ್ಕೆ ಮಾತ್ರ. ನೆಲೆಸುವ ಪರವಾನಗಿಗೆ ಜರ್ಮನಿಯ ಊರಿನ ವಿದೇಶಿಯರ ಕಚೇರಿಯಲ್ಲಿ ಅದೇ ಕಾಗದಗಳನ್ನು ಮತ್ತೊಮ್ಮೆ ಹರಡಿದೆವು. ಮಕ್ಕಳನ್ನು ಹೊರನಾಡಿಗೆ ಕಳುಹಿಸುವ ಗಡಿನಾಡಿನ ಬಂಧುಗಳು ಹಳೆಯ ಪತ್ರಗಳನ್ನು ಇಂದೇ ಒಮ್ಮೆ ಹೊರತೆಗೆದು, ಹೆಸರನ್ನೂ ಊರನ್ನೂ ಹೋಲಿಸಿ ನೋಡುವುದು ಒಳಿತು. ಯಾವ ಹೆಸರು ಯಾವ ಕಾಲದ್ದೆಂದು ಹೇಳಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಈ ಕೆಲಸ ಮುಗಿಯಲಿ.